ಗಾಳಿಗೆ ಬಾಯಿ ತೆರೆದ ಎಂಜಿನ್

ಎಂಜಿನಿಯರಿಂಗ್ ಎರಡನೇ ವರ್ಷದ ರಜೆಗೆ ಹಿರೇಹಡಗಲಿಗೆ ಹೋದಾಗ ನಾನು ಮಾಡಿದ ಮೊದಲ ಘನಕಾರ್ಯ ಅಂದರೆ ಅಪ್ಪನ ನೂರು ಸಿಸಿ ಬೈಕಿನ ಏರ್ ಫಿಲ್ಟರ್ ಬಿಚ್ಚಿ ಅಟ್ಟದ ಮೇಲೆ ಎಸೆದದ್ದು. ಬೋರ್‌ವೆಲ್‌ಗೆ ತಂದು ಉಳಿದಿದ್ದ ಪಿವಿಸಿ ಪೈಪಿನ ತುಂಡೊಂದನ್ನು ಆ ಜಾಗಕ್ಕೆ ಸಿಕ್ಕಿಸಿ, ಅದರ ಬಾಯಿ ಮುಂದಕ್ಕೆ ಬರುವ ಹಾಗೆ ತಂತಿ ಸುತ್ತಿ ಕಟ್ಟಿದೆ. ಬೈಕ್ ಓಡುವಾಗ ಎದುರಿನ ಗಾಳಿ ತಾನೇ ಎಂಜಿನ್ನಿಗೆ ನುಗ್ಗುತ್ತದೆ, ಪವರ್ ಏರುತ್ತದೆ ಅಂತ ಲೆಕ್ಕ. ಹಾಸ್ಟೆಲಿನಲ್ಲಿ ಯಾರದೋ ಬೈಕ್ ಮ್ಯಾಗಜೀನಿನಲ್ಲಿ 'ರ‍್ಯಾಮ್ ಏರ್' ಅಂತ ಓದಿದ್ದೆ, ಅಷ್ಟೇ ನನ್ನ ಅರ್ಹತೆ.

ಸದ್ದು ಮಾತ್ರ ಜೋರಾಯಿತು. ಸದ್ದು ಜೋರಾದರೆ ಪವರ್ ಜೋರಾದಂತೆಯೇ ಅಂತ ಇಪ್ಪತ್ತರ ವಯಸ್ಸಿನಲ್ಲಿ ಯಾರಿಗೆ ಅನಿಸುವುದಿಲ್ಲ? ರಜೆ ಮುಗಿಸಿ ವಾಪಸ್ ಬಂದೆ. ಅಪ್ಪ ಅದೇ ಬೈಕಿನಲ್ಲಿ ಮೆಕ್ಕೆಜೋಳದ ಕಣಕ್ಕೂ ಹಡಗಲಿ ಸಂತೆಗೂ ಓಡಾಡಿದರು. ಎರಡು ತಿಂಗಳಿಗೆ ಸೈಲೆನ್ಸರಿನಿಂದ ನೀಲಿ ಹೊಗೆ. ಮೇಸ್ತ್ರಿ ಎಂಜಿನ್ ಬಿಚ್ಚಿದಾಗ ರಿಂಗ್ ಸವೆದು, ಸಿಲಿಂಡರ್ ಒಳಗೆಲ್ಲ ಗೀರು. ನಾನು ಊರಿಗೆ ಹೋದಾಗ ಆತ ನಕ್ಕೊಂತ ಹೇಳಿದ್ದು ಇಷ್ಟು: "ಗಾಳಿ ಜೊತಿಗೆ ಹೊಲಾನೂ ಕುಡಿಸಿಯಲ್ಲೋ ತಮ್ಮಾ ಇದಕ್ಕ." ಬೋರಿಂಗ್, ಪಿಸ್ಟನ್, ಕೂಲಿ ಅಂತ ಶೇಂಗಾ ಮಾರಿದ ದುಡ್ಡು ಅಲ್ಲೇ ಕರಗಿತು. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹತ್ತು ವರ್ಷದ ಮೇಲೆ ಈ ಕಥೆ ನೆನಪಾಗಲು ಕಾರಣ ನನ್ನ ದೊಡ್ಡಪ್ಪನ ಮಗಳು. ಅವಳು ಪೈಲಟ್ ತರಬೇತಿಯಲ್ಲಿದ್ದಾಳೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಪ್ರತಿ ಗಂಟೆಯೂ ದುಡ್ಡು. ದೊಡ್ಡಪ್ಪ ನೀರಾವರಿ ಜಮೀನಿನ ಮೇಲೆ ಸಾಲ ಎತ್ತಿದ್ದಾರೆ. ಹಾಗಾಗಿ ಅವಳು ಒಂದು ಪ್ರಶ್ನೆ ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದು ರಾತ್ರಿ ಮೆಸೇಜ್ ಬಂತು: "ಅಣ್ಣಾ, ರ‍್ಯಾಮ್ ಏರ್‌ನಿಂದ ಸಣ್ಣ ವಿಮಾನಕ್ಕ ಎಷ್ಟು ಪವರ್ ಸಿಗತೈತಿ? ಮೌಖಿಕದಾಗ ಕೇಳ್ತಾರಂತ. ನೀ ಎಂಜಿನಿಯರ್ ಅಲ್ಲೇನು?"

ನಾನು ಬರೆಯುವುದು ಪೇಮೆಂಟ್ ಆ್ಯಪ್‌ನ ಕೋಡ್. ಆದರೂ ಅಣ್ಣ ಅನ್ನಿಸಿಕೊಂಡ ಮೇಲೆ ಗೊತ್ತಿಲ್ಲ ಅನ್ನೋಕಾಗುತ್ತಾ? ಶನಿವಾರ ಪೂರ್ತಿ ಕೂತೆ.

ಅಂಗೈ ಮೇಲಿನ ಕಾಲು ಕೆಜಿ

ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಅಂಗೈಯನ್ನು ಗಾಳಿಗೆ ಎದುರಾಗಿ ಹಿಡಿದವರಿಗೆ ಈ ವಿಷಯ ಅರ್ಧ ಗೊತ್ತಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿ ನಿಮ್ಮ ಅಂಗೈಯನ್ನು ಕಾಲು ಕೆಜಿಗಿಂತ ತುಸು ಹೆಚ್ಚು ಭಾರದಷ್ಟು ತಳ್ಳುತ್ತದೆ. ಓಡುವ ಗಾಳಿಯನ್ನು ನಿಲ್ಲಿಸಿದರೆ ಅದರ ಓಟವೆಲ್ಲ ಒತ್ತಡವಾಗುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸೂತ್ರ ಬೇಕೆನ್ನುವವರಿಗೆ: ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಮುಗಿಯಿತು.

80 ಕಿ.ಮೀ.ಗೆ ಇದು ಸುಮಾರು 2.8 ಮಿಲಿಬಾರ್. ಕೆಲವು ಫೋನುಗಳಲ್ಲಿ ಬ್ಯಾರೊಮೀಟರ್ ಇರುತ್ತದೆ, ಆ್ಯಪ್ ಹಾಕಿಕೊಂಡು ನೋಡಿ. (ಅಲ್ಲಿ ಹೆಕ್ಟೊಪಾಸ್ಕಲ್ ಅಂತ ತೋರಿಸಬಹುದು, ಎರಡೂ ಒಂದೇ.) ಸಮುದ್ರ ಮಟ್ಟದಲ್ಲಿ ಒತ್ತಡ ಸಾಮಾನ್ಯವಾಗಿ 1013, ನಮ್ಮೂರ ಕಡೆ 950ರ ಆಸುಪಾಸು, ಬೆಂಗಳೂರಲ್ಲಿ 910ರ ಆಚೀಚೆ. ಎಂಜಿನ್ನಿಗೆ ಸಿಗುವುದು ಈ 950 ಅಥವಾ 910. ಅದರ ಮೇಲೆ ವೇಗದಿಂದ ಬರುವ ಎರಡು ಮೂರು ಮಿಲಿಬಾರ್ ಎಷ್ಟರದ್ದು?

ಅಪ್ಪನ ಬೈಕಿನ ಲೆಕ್ಕ ಈಗ ಮಾಡಿದೆ. 60 ಕಿ.ಮೀ. ವೇಗದಲ್ಲಿ ಹೆಚ್ಚೆಂದರೆ ಒಂದೂವರೆ ಮಿಲಿಬಾರ್, ಅಂದರೆ 950ಕ್ಕೆ ಶೇ. 0.16. ಎಂಟು ಅಶ್ವಶಕ್ತಿಯ ಎಂಜಿನ್ನಿಗೆ ನಾನು ಗಳಿಸಿಕೊಟ್ಟದ್ದು ಒಂದು ಅಶ್ವಶಕ್ತಿಯ ನೂರರಲ್ಲಿ ಒಂದು ಪಾಲು. ಅಷ್ಟಕ್ಕೆ ಒಂದು ಸಿಲಿಂಡರ್ ಬಲಿ.

ಹಾಗಂತ ಆ ಮ್ಯಾಗಜೀನ್ ಸುಳ್ಳು ಹೇಳಿರಲಿಲ್ಲ. ಕಾವಾಸಾಕಿಯವರು 2021ರ ನಿಂಜಾ ಜೆಡ್‌ಎಕ್ಸ್-10ಆರ್ ಬೈಕಿಗೆ 203 ಪಿಎಸ್ ಅಂತಲೂ, ರ‍್ಯಾಮ್ ಏರ್ ಸೇರಿದರೆ 213 ಅಂತಲೂ ಎರಡು ಅಂಕಿ ಕೊಡುತ್ತಾರೆ. ಗಂಟೆಗೆ 300 ಕಿ.ಮೀ.ನಲ್ಲಿ ಎದುರುಗಾಳಿಯ ಒತ್ತಡ 42 ಮಿಲಿಬಾರ್ ದಾಟುತ್ತದೆ, ಶೇ. 4ಕ್ಕಿಂತ ಮೇಲೆ. ಲೆಕ್ಕ ಹೆಚ್ಚು ಕಡಿಮೆ ಕೂಡುತ್ತದೆ. ಹಡಗಲಿ ರಸ್ತೆಯಲ್ಲಿ 300 ಹೊಡೆಯುವ ಧೈರ್ಯ ಇದ್ದವರಿಗೆ ಅದು ಸರಿ.

ಡಯಲ್‌ನಲ್ಲೇ ಬರೆದಿದೆ

ವಿಮಾನಕ್ಕೆ ಬರೋಣ. ರೆಕ್ಕೆಯ ಕೆಳಗೆ ಮುಂದಕ್ಕೆ ಮೂತಿ ಚಾಚಿದ ಒಂದು ಸಣ್ಣ ಕೊಳವೆ ಇರುತ್ತದೆ, ಪಿಟೊ ಟ್ಯೂಬ್. ಎದುರುಗಾಳಿ ಅದರೊಳಗೆ ನುಗ್ಗಿ ನಿಲ್ಲುತ್ತದೆ. ಆ ಒತ್ತಡಕ್ಕೂ ಸುತ್ತಲಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನೇ ಕಾಕ್‌ಪಿಟ್‌ನ ವೇಗದ ಡಯಲ್ ನಾಟ್‌ಗಳಲ್ಲಿ ತೋರಿಸುತ್ತದೆ. ಅಂದರೆ ಏರ್‌ಸ್ಪೀಡ್ ಇಂಡಿಕೇಟರ್ ಅನ್ನುವುದು ಅಸಲಿಗೆ ರ‍್ಯಾಮ್ ಒತ್ತಡದ ಮೀಟರೇ. ಎಂಜಿನ್ನಿನ ಬಾಯಿಗೂ ಸಿಗಬಹುದಾದ ಗರಿಷ್ಠ ಲಾಭ ಅದೇ ಡಯಲ್‌ನಲ್ಲಿ ಇದೆ, ನಾಟ್ ಬದಲು ಮಿಲಿಬಾರ್ ಅಂತ ಓದಿಕೊಳ್ಳಬೇಕು. 60 ನಾಟ್ ತೋರಿಸುತ್ತಿದ್ದರೆ ಸುಮಾರು 6 ಮಿಲಿಬಾರ್. 100ಕ್ಕೆ 16. 120ಕ್ಕೆ 23. 150ಕ್ಕೆ 36. ಯಾವ ಎತ್ತರದಲ್ಲಿದ್ದರೂ ಅಷ್ಟೇ, ಏಕೆಂದರೆ ಡಯಲ್ ಮುಳ್ಳನ್ನು ತಳ್ಳುವುದೇ ಆ ಒತ್ತಡ.

ಇದು ಹೊಳೆದಾಗ ನನಗಂತೂ ಖುಷಿಯಾಯಿತು. ತಂಗಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ: "ಅದು ಗರಿಷ್ಠ. ಪೂರಾ ಎಂಜಿನ್ ತನಕ ಮುಟ್ಟತೈತೇನು?"

ಮುಟ್ಟುವುದಿಲ್ಲ. ಗಾಳಿಬಾಯಿ ಪ್ರೊಪೆಲ್ಲರಿನ ಬುಡದ ಹಿಂದೆ ಇದ್ದರೆ ಅಲ್ಲಿ ಹರಿವು ಕಲಕಿರುತ್ತದೆ. ಬಾಯಿಂದ ಒಳಗೆ ಹೋಗುವ ಕೊಳವೆ ನಿಧಾನವಾಗಿ ಅಗಲವಾಗಬೇಕು. ಕಾಲುವೆ ನೀರು ಅಗಲ ಜಾಗಕ್ಕೆ ಬಂದಾಗ ಮೆಲ್ಲಗಾಗುವಂತೆ ಗಾಳಿಯೂ ಸಾವಕಾಶ ಮೆಲ್ಲಗಾದರೆ ಮಾತ್ರ ಅದರ ಓಟ ಒತ್ತಡವಾಗುತ್ತದೆ. ತಟ್ಟನೆ ಅಗಲವಾದರೆ ಸುಳಿ ಎದ್ದು ಬರೀ ಶಾಖವಾಗಿ ಹಾಳಾಗುತ್ತದೆ. ಮೂಲೆಯಲ್ಲಿ ತಿರುವು ಕೊಟ್ಟರೆ ಒಂದಿಷ್ಟು ನಷ್ಟ. ಆಮೇಲೆ ಫಿಲ್ಟರ್. ಅದು ಧೂಳು ತಡೆಯುತ್ತದೆ, ಒತ್ತಡವನ್ನೂ ತಿನ್ನುತ್ತದೆ. ಕಡೆಯಲ್ಲಿ ಥ್ರಾಟಲ್.

ಥ್ರಾಟಲ್ ವಿಷಯ ನನಗೆ ಹೊಳೆದಿರಲೇ ಇಲ್ಲ, ಅವಳೇ ಹೇಳಿದಳು. "ಅಣ್ಣಾ, ನಾ ಸರ್ಕಿಟ್ ಹಾಕುವಾಗ ಥ್ರಾಟಲ್ ಅರ್ಧ ಮುಚ್ಚಿರತೀನಿ. ನಾನೇ ಬಾಗಲಾ ಮುಚ್ಚಿದಮ್ಯಾಲ ಹೊರಗ ಗಾಳಿ ಎಷ್ಟು ನೂಕಿದರೇನು?" ನೂರಕ್ಕೆ ನೂರು ನಿಜ. ಥ್ರಾಟಲ್ ಅರ್ಧ ಮುಚ್ಚಿದ್ದಾಗ ಎಂಜಿನ್ನಿಗೆ ಹೋಗುವ ಒತ್ತಡವನ್ನು ಪೈಲಟ್ ಬೇಕಂತಲೇ ಇಳಿಸಿರುತ್ತಾಳೆ. ಹೊರಗೆ 10 ಮಿಲಿಬಾರ್ ಹೆಚ್ಚು ಸಿಕ್ಕರೆ ಥ್ರಾಟಲ್ ಇನ್ನು ಕೂದಲೆಳೆಯಷ್ಟು ಮುಚ್ಚಿದರೆ ಆಯಿತು. ಲಾಭ ಬರುವುದು ಥ್ರಾಟಲ್ ಪೂರ್ತಿ ತೆರೆದು, ಇನ್ನೂ ಬೇಕು ಅಂದರೂ ಸಿಗದಿರುವಾಗ. ಅಂದರೆ ಎತ್ತರದಲ್ಲಿ.

ಅವಳು ಹಾರಿಸುವುದು ಸೆಸ್ನಾ 172. ಮೂತಿಯ ಕೆಳಗೆ ಎದುರಿಗೇ ಫಿಲ್ಟರ್ ಕಾಣುತ್ತದೆ. 6,000 ಅಡಿಯಲ್ಲಿ 110 ನಾಟ್ ನಿಜವೇಗದಲ್ಲಿ ಹೋಗುತ್ತಿದ್ದರೆ ಎದುರುಗಾಳಿಯ ಒತ್ತಡ 16 ಮಿಲಿಬಾರ್, ಅಲ್ಲಿನ ಗಾಳಿಯೊತ್ತಡ 812. ಪೂರ್ತಿ ಸಿಕ್ಕರೂ ಶೇ. 2. ಅದರಲ್ಲಿ ಫಿಲ್ಟರು, ತಿರುವು ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಕಾಣಿಸುವುದೇ ಇಲ್ಲ. ಸ್ಥಿರ ಪ್ರೊಪೆಲ್ಲರಿನ 172ರಲ್ಲಿ ಸಾಮಾನ್ಯವಾಗಿ ಮ್ಯಾನಿಫೋಲ್ಡ್ ಒತ್ತಡದ ಮೀಟರ್ ಕೂಡ ಇರುವುದಿಲ್ಲ, ಆರ್‌ಪಿಎಂ ಒಂದೇ.

ನಮ್ಮ ಹಂಸ

ಈ ಲೆಕ್ಕ ನಮ್ಮದೇ ವಿಮಾನದ ಮೇಲೆ ಹಾಕಿ ನೋಡೋಣ ಅನ್ನಿಸಿತು. ಬೆಂಗಳೂರಿನಲ್ಲಿ ಸಣ್ಣ ತರಬೇತಿ ವಿಮಾನ ಕಟ್ಟುವ ಚಟ ಹಳೆಯದು. ವಿ. ಎಂ. ಘಾಟಗೆ ಅವರ ತಂಡ ಎಚ್‌ಎಎಲ್‌ನಲ್ಲಿ ರೂಪಿಸಿದ ಎಚ್‌ಟಿ-2 ಹಾರಿದ್ದು 1951ರಲ್ಲಿ. ಎನ್‌ಎಎಲ್‌ನ ಎರಡು ಸೀಟಿನ ಹಂಸ-3ಕ್ಕೆ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ಅದರ ಹೊಸ ಅವತಾರ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿತು.

ಹಳೆಯ ಹಂಸಕ್ಕೂ ಹೊಸದಕ್ಕೂ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ದೊಡ್ಡ ವ್ಯತ್ಯಾಸ ಇದೆ. ಹಂಸ-3ರಲ್ಲಿ ಇದ್ದದ್ದು ರೋಟ್ಯಾಕ್ಸ್ 914, ಟರ್ಬೊ ಎಂಜಿನ್. ಹೊರಹೋಗುವ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಒಳಬರುವ ಗಾಳಿಯನ್ನು ಒತ್ತುತ್ತದೆ, ಸಮುದ್ರ ಮಟ್ಟಕ್ಕಿಂತಲೂ ಹೆಚ್ಚಿನ ಒತ್ತಡಕ್ಕೆ. ಅದರ ಮುಂದೆ ಎದುರುಗಾಳಿಯ ಹತ್ತು ಮಿಲಿಬಾರ್ ಲೆಕ್ಕಕ್ಕಿಲ್ಲ. ಹೊಸ ಹಂಸದಲ್ಲಿ ಇರುವುದು ರೋಟ್ಯಾಕ್ಸ್ 912 ಐಎಸ್, ಟರ್ಬೊ ಇಲ್ಲ, ಕಂಪ್ಯೂಟರ್ ನಿಯಂತ್ರಣದ ಫ್ಯೂಯೆಲ್ ಇಂಜೆಕ್ಷನ್ ಇದೆ. ಟರ್ಬೊ ಹೋದರೆ ತೂಕವೂ ತಾಪತ್ರಯವೂ ಕಡಿಮೆ, ಫ್ಲೈಯಿಂಗ್ ಕ್ಲಬ್ಬಿಗೆ ಅದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಆದರೆ ಈಗ ಎಂಜಿನ್ನಿಗೆ ಸಿಗುವುದು ಊರಿನ ಗಾಳಿ ಎಷ್ಟಿದೆಯೋ ಅಷ್ಟೇ. ಸಮುದ್ರ ಮಟ್ಟದಲ್ಲಿ 100 ಅಶ್ವಶಕ್ತಿ ಕೊಡುವ ಇಂಥ ಎಂಜಿನ್ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ತಂಪು ದಿನವೂ ಕೊಡುವುದು 90ರ ಆಸುಪಾಸು.

2022ರ ಫೆಬ್ರವರಿಯಲ್ಲಿ ಹಂಸ-ಎನ್‌ಜಿಯನ್ನು ಸಮುದ್ರ ಮಟ್ಟದ ಪರೀಕ್ಷೆಗೆ ಬೆಂಗಳೂರಿನಿಂದ ಪುದುಚೇರಿಗೆ ಹಾರಿಸಿಕೊಂಡು ಹೋದರು. 140 ನಾಟಿಕಲ್ ಮೈಲಿ, ಒಂದೂವರೆ ಗಂಟೆ, ಗಂಟೆಗೆ 155 ಕಿ.ಮೀ. ವೇಗ. ಆ ವೇಗವನ್ನು 5,000 ಅಡಿಯಲ್ಲಿ ಇಟ್ಟು ಲೆಕ್ಕ ಮಾಡಿದರೆ ಎದುರುಗಾಳಿಯಿಂದ ಸಿಗುವುದು ಹೆಚ್ಚೆಂದರೆ 10 ಮಿಲಿಬಾರ್, ಅಲ್ಲಿನ 843ಕ್ಕೆ ಶೇ. 1ರ ಮೇಲೆ ಸ್ವಲ್ಪ. ಇನ್ನೊಂದು ರೀತಿ ಹೇಳಬೇಕೆಂದರೆ, ಎಲ್ಲ ಲಾಭ ದಕ್ಕಿದರೂ ವಿಮಾನ 300 ಅಡಿ ಕೆಳಗೆ ಹಾರಿದರೆ ಎಂಜಿನ್ನಿಗೆ ಸಿಗುತ್ತಿದ್ದ ಗಾಳಿಯಷ್ಟು.

ಅದೇ ವರ್ಷ ಮೇ 17ರಂದು ನಮ್ಮ ಪಕ್ಕದ ಜಿಲ್ಲೆಯ ಚಳ್ಳಕೆರೆಯಲ್ಲಿ, ಡಿಆರ್‌ಡಿಒ ಪರೀಕ್ಷಾ ನೆಲೆಯ ಮೇಲೆ, ಇದೇ ವಿಮಾನದ ಎಂಜಿನ್ನನ್ನು ಆಕಾಶದಲ್ಲಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆಯಿತು. ಏಳೆಂಟು ಸಾವಿರ ಅಡಿ ಎತ್ತರ, ವೇಗ 60ರಿಂದ 70 ನಾಟ್. ಎಂಜಿನ್ ನಿಂತ ವಿಮಾನದಲ್ಲಿ ಕೂತು, ಕೆಳಗೆ ಬಯಲು ನೋಡುತ್ತಾ, ಸ್ಟಾರ್ಟ್ ಒತ್ತುವ ಪೈಲಟ್‌ಗಳನ್ನು ನೆನೆದರೆ ನನಗೆ ಪ್ರೊಡಕ್ಷನ್ ಸರ್ವರ್ ರೀಸ್ಟಾರ್ಟ್ ಮಾಡುವಾಗಿನ ನಡುಕ ಏನೂ ಅಲ್ಲ ಅನಿಸುತ್ತದೆ. ಆ ವೇಗಕ್ಕೆ ರ‍್ಯಾಮ್ ಒತ್ತಡ 6ರಿಂದ 8 ಮಿಲಿಬಾರ್. ಗಾಳಿ ಸಹಾಯಕ್ಕೆ ಬರುತ್ತದೆ ಅಂತ ಕೂರುವ ಹಾಗಿಲ್ಲ.

ಇಲ್ಲಿ ನಮ್ಮ ವೃತ್ತಿಯವರಿಗೆ ಒಂದು ಸ್ವಾರಸ್ಯ. 912 ಐಎಸ್‌ನ ಕಂಪ್ಯೂಟರ್ ಸುತ್ತಲಿನ ಗಾಳಿಯ ಒತ್ತಡ, ಮ್ಯಾನಿಫೋಲ್ಡ್ ಒತ್ತಡ, ಒಳಬರುವ ಗಾಳಿಯ ಉಷ್ಣತೆ ಎಲ್ಲ ಅಳೆದು ಎಷ್ಟು ಪೆಟ್ರೋಲ್ ಬಿಡಬೇಕು ಅಂತ ತೀರ್ಮಾನಿಸುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಲೇನ್ ಎ, ಲೇನ್ ಬಿ ಎರಡು. ಕಾರ್ಬ್ಯುರೇಟರ್ ಇರುವ ಹಳೆಯ 912ರಲ್ಲಿ ಈ ಜಾಣತನ ಇಲ್ಲ. ಅಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲಿಗೂ ಗಾಳಿಪೆಟ್ಟಿಗೆಗೂ ಒಂದೇ ಒತ್ತಡ ಇರಬೇಕು ಅಂತ ನಳಿಕೆ ಜೋಡಿಸುತ್ತಾರೆ. ಯಾರಾದರೂ ನನ್ನಂಥವನು ಪೆಟ್ಟಿಗೆಗೆ ಮಾತ್ರ ಎದುರುಗಾಳಿ ತುಂಬಿ ಬಟ್ಟಲನ್ನು ಮರೆತರೆ, ಪೆಟ್ರೋಲ್ ಮೇಲೇಳುವುದು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಗಾಳಿ ಜಾಸ್ತಿ, ಎಂಜಿನ್ ಬಿಸಿ, ಪವರ್ ಕಡಿಮೆ.

ಗುಂಡಿ ಎಳೆಯುವ ಹೊತ್ತು

ಹಾಗಾದರೆ ಸಣ್ಣ ವಿಮಾನದಲ್ಲಿ ಇದನ್ನು ಯಾರೂ ನಂಬಿ ಕೆಲಸ ಮಾಡಿಲ್ಲವೇ? ಮಾಡಿದ್ದಾರೆ. ಅಮೆರಿಕದ ಮೂನಿ ಕಂಪನಿಯ 1960ರ ದಶಕದ ವಿಮಾನಗಳಲ್ಲಿ 'ರ‍್ಯಾಮ್ ಏರ್' ಅಂತಲೇ ಒಂದು ಗುಂಡಿ ಇತ್ತು. ಎಳೆದರೆ ಒಂದು ಬಾಗಿಲು ತೆರೆದು, ಗಾಳಿ ಫಿಲ್ಟರನ್ನು ಬಿಟ್ಟು ನೇರ ಎಂಜಿನ್ನಿಗೆ ಹೋಗುತ್ತಿತ್ತು. ಮೂನಿ ಸಣ್ಣದಾದರೂ ವೇಗದ ವಿಮಾನ. 8,000 ಅಡಿಯಲ್ಲಿ 150 ನಾಟ್ ನಿಜವೇಗಕ್ಕೆ ಸುಮಾರು 29 ಮಿಲಿಬಾರ್, ಅಲ್ಲಿನ 753ಕ್ಕೆ ಶೇ. 4ರ ಹತ್ತಿರ. ಅಷ್ಟೂ ದಕ್ಕಿದರೆ, 150 ಅಶ್ವಶಕ್ತಿ ಕೊಡುತ್ತಿರುವ ಎಂಜಿನ್ನಿಗೆ ಐದಾರು ಅಶ್ವಶಕ್ತಿ. ಆದರೆ ವೇಗ ಏರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಕೈಗೆ ಬರುವುದು ಎರಡು ನಾಟ್. ಅದಕ್ಕೆ ಫಿಲ್ಟರಿನ ತಡೆ ತಪ್ಪಿದ ಲಾಭ ಸೇರಿಸಿಕೊಳ್ಳಿ. ಮುಂದೆ ಗಾಳಿದಾರಿಯ ವಿನ್ಯಾಸ ಸುಧಾರಿಸಿದ ಮೇಲೆ ಆ ಗುಂಡಿಯನ್ನೇ ಕೈಬಿಟ್ಟರು.

ಆ ಗುಂಡಿಗೆ ಒಂದು ಶಿಸ್ತಿತ್ತು. ಮೇಲೇರಿ, ಶುದ್ಧ ಗಾಳಿಗೆ ಬಂದು, ಥ್ರಾಟಲ್ ಪೂರ್ತಿ ತೆರೆದ ಮೇಲೆ ಎಳೆಯಬೇಕು. ಇಳಿಯುವ ಮುಂಚೆ ಮುಚ್ಚಲೇಬೇಕು. ಕೆಲವು ಮಾದರಿಗಳಲ್ಲಿ ಅದು ತೆರೆದಿರುವಾಗಲೇ ಚಕ್ರ ಇಳಿಸಿದರೆ ಎಚ್ಚರಿಕೆ ದೀಪ ಹತ್ತುತ್ತಿತ್ತು. ನೆಲದ ಹತ್ತಿರ ಧೂಳು, ಫಿಲ್ಟರ್ ಇಲ್ಲದ ಬಾಯಿ. ಇದನ್ನು ಓದುವಾಗ ನನಗೆ ಬೇರೇನೂ ಕಾಣಲಿಲ್ಲ, ಪಿವಿಸಿ ಪೈಪು, ಮೆಕ್ಕೆಜೋಳದ ಕಣ, ಮೇಸ್ತ್ರಿಯ ನಗು.

ವೇಗ ಇನ್ನೂ ಏರಿದರೆ ಕಥೆಯೇ ಬೇರೆ. ಎರಡನೇ ಮಹಾಯುದ್ಧದ ಪಿಸ್ಟನ್ ಎಂಜಿನ್ ಯುದ್ಧವಿಮಾನ 20,000 ಅಡಿಯಲ್ಲಿ ಗಂಟೆಗೆ 350 ಮೈಲಿ ಹೋಗುತ್ತಿದ್ದರೆ ಅಲ್ಲಿನ 466 ಮಿಲಿಬಾರ್‌ಗೆ ಎದುರುಗಾಳಿ ಇನ್ನೊಂದು 79 ಸೇರಿಸುತ್ತದೆ, ಶೇ. 17. ಅಷ್ಟಾದರೆ ಯಾವ ವಿನ್ಯಾಸಕಾರನೂ ಬಿಡುವುದಿಲ್ಲ.

ತಂಗಿಗೆ ಇದೆಲ್ಲ ಬರೆದು, ಕೊನೆಗೆ ಹೆಮ್ಮೆಯಿಂದ "ಅಂದರ ಸಣ್ಣ ವಿಮಾನಕ್ಕ ಶೇ. 1ರಿಂದ 4, ಅಷ್ಟ" ಅಂತ ಕಳಿಸಿದೆ. ಅವಳು ಈ ಸಲ ಫೋನೇ ಮಾಡಿದಳು.

"ಅಣ್ಣಾ, ನನಗ ಪವರ್ ಬೇಕಾಗೋದು ಯಾವಾಗ?"

"ಟೇಕಾಫ್‌ನಾಗ."

"ಅವಾಗ ನನ್ನ ಸ್ಪೀಡ್ ಎಷ್ಟು?"

ಸೊನ್ನೆ. ರನ್‌ವೇ ತುದಿಯಲ್ಲಿ ಬ್ರೇಕ್ ಬಿಟ್ಟಾಗ ರ‍್ಯಾಮ್ ಸೊನ್ನೆ. ನೆಲ ಬಿಡುವ ಹೊತ್ತಿಗೆ ಐದು ಮಿಲಿಬಾರ್ ಇದ್ದರೆ ಹೆಚ್ಚು. ಅವಳಿಗೆ ಅದಕ್ಕಿಂತ ದೊಡ್ಡ ಚಿಂತೆ ಬಿಸಿಲು. ನಮ್ಮೂರ ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿ ಎಷ್ಟು ಹಗುರ ಅಂತ ಲೆಕ್ಕ ಹಾಕಿದೆವು. ಊರು ಇರುವುದು 1,700 ಅಡಿ ಎತ್ತರದಲ್ಲಿ, ಆದರೆ ಆ ಬಿಸಿಲಿಗೆ ಅದರ ಗಾಳಿ ತಂಪು ಪ್ರದೇಶದ 5,000 ಅಡಿಯ ಗಾಳಿಯಷ್ಟೇ ತೆಳು. ಟರ್ಬೊ ಇಲ್ಲದ ಎಂಜಿನ್ ನೂರಕ್ಕೆ ಹದಿನಾರು ಪಾಲು ಶಕ್ತಿಯನ್ನು ನಿಂತ ಜಾಗದಲ್ಲೇ ಕಳೆದುಕೊಂಡಿರುತ್ತದೆ. ರೆಕ್ಕೆಗೂ ಪ್ರೊಪೆಲ್ಲರಿಗೂ ಅದೇ ತೆಳು ಗಾಳಿ. ರನ್‌ವೇ ಉದ್ದ ಬೇಕು, ಏರುವುದು ನಿಧಾನ.

ಆ ಫೋನಿನಲ್ಲೇ ಇನ್ನೊಂದು ಹೊರಬಿತ್ತು. ಎಂಜಿನ್ ಕೋಣೆಯೊಳಗಿನ ಬಿಸಿ ಗಾಳಿ ಕುಡಿಯುವ ಬದಲು ಹೊರಗಿನ ಗಾಳಿ ಕುಡಿದು ಒಳಬರುವ ಉಷ್ಣತೆ 10 ಡಿಗ್ರಿ ಇಳಿದರೆ, ಶೇ. ಒಂದೂವರೆಯಿಂದ ಎರಡರಷ್ಟು ಶಕ್ತಿ ಉಳಿಯುತ್ತದೆ. ಹಂಸದಂಥ ನಿಧಾನದ ವಿಮಾನಕ್ಕೆ ಇದು ರ‍್ಯಾಮ್‌ನ ಪೂರ್ತಿ ಲಾಭಕ್ಕಿಂತ ಹೆಚ್ಚು, ಅದೂ ನಿಂತ ಜಾಗದಲ್ಲೇ ಸಿಗುತ್ತದೆ. ಗಾಳಿಬಾಯಿ ಹೊರಕ್ಕೆ ಇಟ್ಟದ್ದರ ನಿಜವಾದ ಪ್ರಯೋಜನ ನೂಕುವ ಗಾಳಿಗಿಂತ ತಂಪು ಗಾಳಿ ಇರಬೇಕು ಅಂತ ನನಗೀಗ ಅನಿಸುತ್ತಿದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಪ್ಪ ಬೈಕ್ ಬದಲಿಸಿದ್ದಾರೆ. ಕಟ್ಟೆ ಮೇಲೆ ಕೂತು ಅದರ ಫಿಲ್ಟರ್ ಬಿಚ್ಚಿ ಕಲ್ಲಿಗೆ ಬಡಿಯುತ್ತಿದ್ದರು, ಕೆಂಪು ಮಣ್ಣು ಹಿಟ್ಟಿನಂತೆ ಉದುರುತ್ತಿತ್ತು. ನಾನು ಹತ್ತಿರ ಹೋದದ್ದೇ ತಡ, ಫಿಲ್ಟರನ್ನು ಮೆಲ್ಲಗೆ ಆ ಕಡೆ ಸರಿಸಿ ಇಟ್ಟುಕೊಂಡರು.

ತಂಗಿಯ ಪರೀಕ್ಷೆ ಮುಂದಿನ ವಾರ. ನಿನ್ನೆ ರಾತ್ರಿ ಮತ್ತೊಂದು ಮೆಸೇಜ್ ಬಂದಿದೆ: "ಅಣ್ಣಾ, ಕಾರ್ಬ್ ಹೀಟ್ ಎಳದರ ಆರ್‌ಪಿಎಂ ಯಾಕ ಇಳಿತೈತಿ? ಈಗ ಹೇಳು ನೋಡೋಣು."